ಗಾದ್ರಮ್ಮ ಮೇಡಂ ಕಲಿಸುವ ಜಗತ್ತಿನ ಪಾಠ

ಬೆಳಗಿನ ಮಬ್ಬು ಇನ್ನೂ ಹರಿದಿಲ್ಲ. ಜಗಳೂರಿನ ನಿಲ್ದಾಣದಲ್ಲಿ ದಾವಣಗೆರೆಗೆ ಹೊರಟ ಮೊದಲ ಬಸ್ಸು ಗುರುಗುಟ್ಟುತ್ತಿದೆ. ಕಿಟಕಿ ಪಕ್ಕ ಕುಳಿತ ಗಾದ್ರಮ್ಮನವರ ತುಟಿ ಅಲುಗುತ್ತಿರುವುದನ್ನು ಕಂಡವರು ಜಪವೆಂದುಕೊಳ್ಳಬೇಕು. ಅವರು ಅಂದಿನ ಪಾಠವನ್ನು ಆಡಿ ನೋಡುತ್ತಿದ್ದಾರೆ. ದೇಶಗಳ ಮೇಲೆ ದೊರೆಯಿಲ್ಲ, ಹಾಗಾಗಿ ಪ್ರತಿ ದೇಶವೂ ತನ್ನ ಬಲವನ್ನೇ ನೆಚ್ಚುತ್ತದೆ ಎನ್ನುವ ವಾಸ್ತವವಾದವನ್ನು ಪಠ್ಯದ ಬಿಗಿ ಕನ್ನಡದಿಂದ ಬಿಡಿಸಿ ಹೇಳುವುದು ಹೇಗೆಂಬುದೇ ಅವರ ಚಿಂತೆ.

"ಬಸ್ಸಲ್ಲೇ ಒಂದ್ಸಲ ಪಾಠ ಮಾಡ್ಕೊಂತೀನಿ ರೀ. ಕಂಡಕ್ಟ್ರಿಗೂ ಈಗ ರೂಢಿ ಆಗೈತೆ," ಎನ್ನುತ್ತಾರೆ.

ಗಾದ್ರಮ್ಮ ರಾಜ್ಯಶಾಸ್ತ್ರದ ಅತಿಥಿ ಉಪನ್ಯಾಸಕಿ. ವಾರದಲ್ಲಿ ಮೂರು ದಿನ ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಚನ್ನಗಿರಿಯ ಕಾಲೇಜಿಗೆ, ಉಳಿದ ದಿನ ಜಗಳೂರಿನ ಕಾಲೇಜಿಗೆ. ಕಲಿಸುವುದು ಅಂತರರಾಷ್ಟ್ರೀಯ ಸಂಬಂಧಗಳು. ಈ ಐಚ್ಛಿಕ ಪತ್ರಿಕೆಯನ್ನು ಆಯ್ದುಕೊಳ್ಳುವವರು ಕಡಿಮೆ. ಮಕ್ಕಳು ಬರದಿದ್ದರೆ ಪತ್ರಿಕೆಯೂ ಇಲ್ಲ, ಇವರ ಕೆಲಸವೂ ಇಲ್ಲ. "ಅಮೆರಿಕ, ರಷ್ಯಾ ಕಟ್ಕೊಂಡು ನಮಗೇನಾಗ್ಬೇಕು ಮೇಡಂ?" ಎಂಬ ಪ್ರಶ್ನೆ ವರ್ಷವರ್ಷವೂ ತಪ್ಪದು.

ಅವರದು ಕುರಿ ಸಾಕುವ ಮನೆತನ. "ನಮ್ಮಪ್ಪ ಮಂದೆ ಹೊಡ್ಕಂಡು ಊರಿಂದೂರಿಗೆ ಹೋಗೋನು. ಯಾರ ಹೊಲದಾಗ ಇಳಿಬೇಕು, ಯಾರನ್ನ ಕೇಳ್ಬೇಕು, ಬೈದ್ರೆ ಹೆಂಗೆ ಸುಮ್ಕಿರಬೇಕು, ಎಲ್ಲಾ ಗೊತ್ತಿತ್ತು. ರಾಜತಂತ್ರ ಅಂದ್ರೇನು ಅಂತ ನಾನು ಮೊದ್ಲು ನೋಡಿದ್ದು ಅಲ್ಲೇ."

ಚನ್ನಗಿರಿಯ ತರಗತಿಯಲ್ಲಿ ಅವರು ಹತ್ತಿರದ ಸೂಳೆಕೆರೆಯ ಕಾಲುವೆಯಿಂದ ಶುರು ಮಾಡುತ್ತಾರೆ. "ಕೇಳೋರೇ ಇಲ್ಲ ಅಂದ್ರೆ ಮೇಲಿನ ಹೊಲದೋನು, ಬಲ ಇದ್ದೋನು ನೀರು ಹಾಯಿಸ್ಕಂತಾನೆ. ವಾಸ್ತವವಾದಿ ಹೇಳೋದು ಇಷ್ಟೇ. ಕೂತು ಸರದಿ ಮಾಡ್ಕಂಡ್ರೆ ಕೊನೆ ಹೊಲಕ್ಕೂ ನೀರು ಬರುತ್ತೆ ಅಂತಾನೆ ಉದಾರವಾದಿ." ಅಡಿಕೆ ತೋಟದ ಮಕ್ಕಳು ತಲೆಯಾಡಿಸುತ್ತಾರೆ.

ಕೆಲವು ವರ್ಷಗಳ ಹಿಂದೆ ಹೀಗೇ ಪಾಠ ನಡೆದಿತ್ತು. ಆಫ್ರಿಕಾದ ಒಂದು ದೇಶದಲ್ಲಿ ಆಗಷ್ಟೇ ಕಾಳಗ ಹೊತ್ತಿಕೊಂಡಿತ್ತು. ಗಾದ್ರಮ್ಮ ನಕಾಶೆಯ ಮೇಲೆ ಆ ದೇಶದ ರಾಜಧಾನಿಯನ್ನು ತೋರಿಸಿ, ಒಳಜಗಳಕ್ಕೆ ದೊಡ್ಡ ದೇಶಗಳು ಗಾಳಿ ಊದುವ ಬಗೆಯನ್ನು ವಿವರಿಸುತ್ತಿದ್ದರು. ಹಿಂದಿನ ಬೆಂಚಿನಿಂದ ಲಕ್ಷ್ಮಿದೇವಿ ಎದ್ದು ನಿಂತಳು. ಊರೂರು ತಿರುಗಿ ಗಿಡಮೂಲಿಕೆ ಎಣ್ಣೆ ಮಾರುವ ಹಕ್ಕಿಪಿಕ್ಕಿ ಜನರ ಕಾಲೊನಿಯ ಹುಡುಗಿ.

"ಮೇಡಂ, ನಮ್ಮಪ್ಪ, ಚಿಕ್ಕಪ್ಪ ಅದೇ ಊರಾಗವ್ರೆ. ತಲೆಎಣ್ಣೆ ಮಾರಾಕೆ ಹೋಗಿದ್ರು."

ಗಾದ್ರಮ್ಮನವರ ಕೈ ನಕಾಶೆಯ ಮೇಲೇ ನಿಂತಿತು. ಪಾಠ ಮುಗಿಸಿ ಅವಳೊಂದಿಗೇ ಕಾಲೊನಿಗೆ ಹೋದರು. ರಾಯಭಾರ ಕಚೇರಿಯ ಇಂಗ್ಲಿಷ್ ಸೂಚನೆಗಳು ಮೊಬೈಲ್‌ನಿಂದ ಮೊಬೈಲ್‌ಗೆ ಓಡಾಡುತ್ತಿದ್ದವು, ಅರ್ಥ ಹೇಳುವವರಿರಲಿಲ್ಲ. ಅಂದಿನಿಂದ ಸೂಚನೆ ಬಂದಾಗಲೆಲ್ಲ ಅವರು ಕನ್ನಡಕ್ಕೆ ತಿರುಗಿಸಿ ಹೇಳುವರು. ಲಕ್ಷ್ಮಿದೇವಿ ಅದನ್ನು ತಮ್ಮ ವಾಗ್ರಿ ಮಾತಿನಲ್ಲಿ ಅಪ್ಪನಿಗೆ ಕಳಿಸುವಳು. ಕದನ ವಿರಾಮ ಎಂಬ ಸುದ್ದಿ ಬಂದ ದಿನ ಅಪ್ಪ ಮುತ್ತುರಾಜ್, ಯುದ್ಧ ಮುಗಿಯಿತೆಂದು, ಸಾಲ ಮಾಡಿ ಒಯ್ದು ಪೇಟೆಯಲ್ಲಿ ಉಳಿದಿದ್ದ ಎಣ್ಣೆ ತರಲು ಹೊರಟಿದ್ದರು. ಗಾದ್ರಮ್ಮ ಲಕ್ಷ್ಮಿದೇವಿಯ ಕೈಯಿಂದ ಫೋನ್ ಕಸಿದುಕೊಂಡು ಕೂಗಿದರು: "ಮುಗಿದಿಲ್ಲ ಅಣ್ಣಾ, ಬರೀ ತಡೆದವ್ರೆ. ಎಣ್ಣೆ ಹಾಳಾಗ್ಲಿ, ರಾಯಭಾರ ಕಚೇರಿಯೋರು ಬಸ್ ಕಳಿಸವ್ರೆ, ಸೀದಾ ಹತ್ರಿ!"

ಮುತ್ತುರಾಜ್ ಬಸ್ಸು ಹತ್ತಿದರು, ಊರಿಗೂ ಬಂದರು. ಅವರ ತಮ್ಮ ದುರುಗೇಶ್ ಬರಲಿಲ್ಲ. ಕದನ ವಿರಾಮದ ಹಿಂದಿನ ದಿನ ಕುಡಿಯುವ ನೀರಿಗೆಂದು ಹೊರಗೆ ಹೋಗಿ ಗುಂಡೇಟಿಗೆ ಬಲಿಯಾಗಿದ್ದರು; ಮುತ್ತುರಾಜ್ ಅದನ್ನು ಫೋನಿನಲ್ಲಿ ಹೇಳಿರಲಿಲ್ಲ. "ಮೇಡಂ ದನಿ ಕೇಳ್ದಾಗ ಊರಾಗೇ ಇದ್ದಂಗಾತು. ತಮ್ಮನ್ನ ಅಲ್ಲೇ ಮಣ್ಣು ಮಾಡಿ ಬಂದೆ," ಎನ್ನುವ ಮುತ್ತುರಾಜ್ ಮತ್ತೆ ದೇಶ ಬಿಟ್ಟು ಹೋಗಿಲ್ಲ.

ಲಕ್ಷ್ಮಿದೇವಿ ತರಗತಿಗೆ ಮರಳಿದ ದಿನ ಒಂದೇ ಪ್ರಶ್ನೆ ಕೇಳಿದಳು. "ಬಲ ಇದ್ದೋನು ನೀರು ಹಾಯಿಸ್ಕಂತಾನೆ ಅಂದ್ರಿ. ನೀರಿಗೆ ಹೋದ ನಮ್ಮ ಚಿಕ್ಕಪ್ಪ ಯಾವ ವಾದದಾಗ ಬರ್ತಾನೆ ಮೇಡಂ?"

ಗಾದ್ರಮ್ಮ ಪುಸ್ತಕ ಮುಚ್ಚಿದರು. ಅಂದು ಪಾಠ ಆಗಲಿಲ್ಲ.

ಅಂದಿನಿಂದ ಕಲಿಸುವ ರೀತಿ ಬದಲಾಗಿದೆ. ಮೊದಲ ತರಗತಿಯಲ್ಲಿ ಅವರೀಗ ಸಿದ್ಧಾಂತದ ಹೆಸರೆತ್ತುವುದಿಲ್ಲ. ನಿಮ್ಮವರು ಯಾರು ಹೊರದೇಶದಲ್ಲಿದ್ದಾರೆ ಎಂದು ಕೇಳುತ್ತಾರೆ. ಕೆರೆಬಿಳಚಿಯ ಹುಡುಗನ ಮಾವ ದುಬೈನಲ್ಲಿ ಡ್ರೈವರ್. ಹೊನ್ನಾಳಿ ಕಡೆಯ ಹುಡುಗಿಯ ಅಕ್ಕ ಕುವೈತ್‌ನಲ್ಲಿ ನರ್ಸ್. ದೇಶ ಸುಭದ್ರವಾಗಿದ್ದರೆ ಸಾಲದು, ಅದರೊಳಗಿನ ಮನುಷ್ಯನೂ ಸುರಕ್ಷಿತವಾಗಿರಬೇಕೆನ್ನುವ 'ಮಾನವ ಭದ್ರತೆ' ಎಂಬ ವಿಚಾರಕ್ಕೆ ಪಠ್ಯದಲ್ಲಿರುವುದು ಅರ್ಧ ಪುಟ. ಗಾದ್ರಮ್ಮ ಅದಕ್ಕೆ ವಾರವಿಡೀ ಕೊಡುತ್ತಾರೆ. ಲಕ್ಷ್ಮಿದೇವಿ ಈಗ ದಾವಣಗೆರೆಯಲ್ಲಿ ಎಂ.ಎ. ಓದುತ್ತಿದ್ದಾಳೆ, ಇದೇ ವಿಷಯ ಹಿಡಿದು.

ಏನಾದರೂ ಆಸೆಯಿದೆಯೇ ಎಂದರೆ ಕೆಲಸ ಕಾಯಂ ಆಗಲಿ ಎನ್ನಬಹುದೆಂದು ಯಾರಾದರೂ ಊಹಿಸುತ್ತಾರೆ. ಗಾದ್ರಮ್ಮನವರ ಆಸೆ ಬೇರೆ.

"ನಮ್ಮಂಥ ಅತಿಥಿ ಉಪನ್ಯಾಸಕರನ್ನ ಕರೆಸೋದೂ ತಡ, ಬಿಡಿಸೋದೂ ಬೇಗ. ಯುದ್ಧದ ಪಾಠ ಮುಗಿಸೋದ್ರಾಗ ನಮ್ಮ ದಿನ ಮುಗಿದಿರ್ತಾವೆ. ಶಾಂತಿ ಅನ್ನೋ ಅಧ್ಯಾಯ ಪುಸ್ತಕದ ಕೊನಿಗೈತೆ. ಒಂದು ವರ್ಷನಾದ್ರೂ ಅದನ್ನ ಅವಸರ ಇಲ್ದಂಗೆ ಪಾಠ ಮಾಡಾಕೆ ಬಿಟ್ರೆ ಸಾಕು ರೀ."