ಹೇಮಶ್ರೀಯ ಸೈಡ್ ಡ್ರಮ್

ಎಂಟನೇ ಕ್ಲಾಸಿಗೆ ಬರುವವರೆಗೆ ಹೇಮಶ್ರೀಯ ದನಿಯನ್ನು ಶಾಲೆಯಲ್ಲಿ ಕೇಳಿದವರೇ ಕಡಿಮೆ. ಹಾಜರಿ ಕೂಗುವಾಗ ಅವಳು ಹೇಳುವ "ಎಸ್ ಮೇಡಂ" ಪಕ್ಕದವಳ ಕಿವಿ ದಾಟಿ ಹೋಗುತ್ತಿರಲಿಲ್ಲ. ಎಷ್ಟೋ ಸಲ ಆ ಪಕ್ಕದವಳೇ ಎದ್ದು, "ಬಂದಿದ್ದಾಳೆ ಮೇಡಂ" ಎಂದು ಹೇಳಬೇಕಾಗುತ್ತಿತ್ತು. ವಯಸ್ಸಿಗೆ ಮೀರಿ ಬೆಳೆದ ಹುಡುಗಿ. ಆ ಎತ್ತರವನ್ನು ಎಲ್ಲಿ ಬಚ್ಚಿಡುವುದೆಂದು ತಿಳಿಯದೆ ಭುಜ ಕುಗ್ಗಿಸಿ, ಬೆನ್ನು ಬಗ್ಗಿಸಿಕೊಂಡು ನಡೆಯುತ್ತಿದ್ದಳು.

ಅಪ್ಪ ಮಾರಪ್ಪ ಭದ್ರಾವತಿಯ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅಮ್ಮ ಹುಲಿಗೆಮ್ಮ ಮೂರು ಮನೆಗಳ ಪಾತ್ರೆ, ಬಟ್ಟೆ ನೋಡಿಕೊಳ್ಳುತ್ತಿದ್ದಳು. ಜನ್ನಾಪುರದ ವಠಾರದಲ್ಲಿ ಅವರ ಮನೆಯ ಒಂದು ಕಡೆ ತಮಿಳರು, ಇನ್ನೊಂದು ಕಡೆ ತೆಲುಗರು. ಯಾರು ಯಾವ ಊರಿನಿಂದ ಬಂದವರು, ಯಾರಪ್ಪ ಏನು ಮಾಡುತ್ತಿದ್ದ ಎಂದು ಅಲ್ಲಿ ಯಾರೂ ಕೆದಕಿ ಕೇಳುತ್ತಿರಲಿಲ್ಲ. ಮಾರಪ್ಪನಿಗೆ ಆ ಊರು ಹಿಡಿಸಿದ್ದೇ ಅದಕ್ಕೆ. ಅಜ್ಜನ ಬಗ್ಗೆ ಮಗಳು ಕೇಳಿದಾಗಲೆಲ್ಲ, "ಕುಂಸಿ ಕಡೆ ಕೂಲಿ ಮಾಡ್ಕೊಂಡಿದ್ದ" ಎಂದಷ್ಟೇ ಹೇಳಿ ಮಾತು ಮುಗಿಸುತ್ತಿದ್ದ.

ತೊಂಬತ್ತೈದರ ಜೂನ್ ತಿಂಗಳು. ಶಾಲೆಯ ಬ್ಯಾಂಡಿನಲ್ಲಿ ಸೈಡ್ ಡ್ರಮ್ ಬಾರಿಸುತ್ತಿದ್ದ ಹುಡುಗಿ ಅಪ್ಪನಿಗೆ ವರ್ಗವಾಗಿ ಬೇರೆ ಊರಿಗೆ ಹೋದಳು. ಅವಳ ಜಾಗಕ್ಕೆ ಯಾರನ್ನು ಹಾಕುವುದೆಂದು ಡ್ರಿಲ್ ಮಾಸ್ತರರಾದ ಜಯಪ್ಪನವರು ಪ್ರಾರ್ಥನೆಯ ಸಾಲುಗಳನ್ನೆಲ್ಲ ನೋಡುತ್ತಾ ಬಂದು, ಕೊನೆಯ ಸಾಲಿನ ಹಿಂದೆ ನಿಂತರು.

"ಏಯ್, ಆ ಕೊನೇಲಿ ಬಗ್ಗಿ ನಿಂತಿರೋಳು. ಬಾ ಇಲ್ಲಿ."

ಬೈಸಿಕೊಳ್ಳಲು ತಯಾರಾಗಿಯೇ ಹೇಮಶ್ರೀ ಹೋದಳು. ಮಾಸ್ತರರು ಬೈಯಲಿಲ್ಲ. ಡ್ರಮ್ಮಿನ ಪಟ್ಟಿಯನ್ನು ಅವಳ ಹೆಗಲಿಗೆ ತೊಡಿಸಿದರು. "ಎರಡು ಹೆಜ್ಜೆ ನಡಿ ನೋಡೋಣ" ಎಂದರು. ನಡೆದಳು. ಡ್ರಮ್ಮು ಢಬ್ಬೆಂದು ಮೊಣಕಾಲಿಗೆ ಬಡಿಯಿತು.

"ಬಗ್ಗಿ ನಡೆದ್ರೆ ಹಂಗೇ ಬಡಿಯುತ್ತೆ ಮಾರಾಯ್ತಿ. ಎದೆ ಎತ್ತು. ನೆಲದಲ್ಲಿ ಏನೂ ಬಿದ್ದಿಲ್ಲ, ಎದುರಿಗೆ ನೋಡು."

ಎದೆ ಎತ್ತಿದಳು. ಡ್ರಮ್ಮು ತನ್ನ ಜಾಗಕ್ಕೆ ತಾನೇ ಹೋಗಿ ಕೂತಿತು. ಗೆಳತಿಯರ ತಲೆಗಳೆಲ್ಲ ತನ್ನ ಗಲ್ಲಕ್ಕಿಂತ ಕೆಳಗಿರುವುದನ್ನು ಹೇಮಶ್ರೀ ಗಮನಿಸಿದ್ದು ಆವತ್ತೇ ಮೊದಲು.

ಬೆಳಗಿನ ಪ್ರಾಕ್ಟೀಸು ಕ್ಲಾಸಿಗಿಂತ ಒಂದು ಗಂಟೆ ಮುಂಚೆ ಶುರುವಾಗುತ್ತಿತ್ತು. ಮೊದಲ ತಿಂಗಳೆಲ್ಲ ಡ್ರಮ್ಮನ್ನು ಮುಟ್ಟುವ ಹಾಗಿರಲಿಲ್ಲ. ಬೆಂಚಿನ ಮೇಲೆ ಕೋಲು ಹಿಡಿದು ಎಡಗೈ ಪಳಗಿಸಬೇಕಿತ್ತು. ಹೇಮಶ್ರೀ ಮನೆಯಲ್ಲೂ ಸುಮ್ಮನಿರುತ್ತಿರಲಿಲ್ಲ. ಅಕ್ಕಿ ಡಬ್ಬಿ, ಕಿಟಕಿಯ ಚೌಕಟ್ಟು, ತನ್ನ ತೊಡೆ, ಏನು ಸಿಕ್ಕಿದರೂ ಅದರ ಮೇಲೆ ಬೆರಳು ಆಡಿಸುತ್ತಿದ್ದಳು. "ಇದೇನೇ ಚಾಳಿ?" ಎಂದು ಅಮ್ಮ ಗದರಿದರೆ, "ಎಕ್ಸರ್‌ಸೈಜು" ಎನ್ನುತ್ತಿದ್ದಳು.

ಕೊಳಲಿನ ಸಾಲಿನಲ್ಲಿ ಅಮೂಲ್ಯ ಎಂಬ ಹುಡುಗಿಯಿದ್ದಳು, ಹಳೇನಗರದ ಬಟ್ಟೆ ವ್ಯಾಪಾರಿಯ ಮಗಳು. ಮೊದಮೊದಲು ಇಬ್ಬರಿಗೂ ಜಗಳ. ಅಮೂಲ್ಯ ಉಸಿರು ಸಾಲದೆ ಹಿಂದೆ ಬೀಳುತ್ತಿದ್ದಳು, ಹೇಮಶ್ರೀ ಉಮೇದಿನಲ್ಲಿ ಮುಂದೆ ಓಡುತ್ತಿದ್ದಳು. "ನಿನ್ನ ಕೈ ಕೇಳಿಸ್ಕೋಬೇಡ, ಅವಳ ಉಸಿರು ಕೇಳಿಸ್ಕೋ" ಎಂದು ಮಾಸ್ತರರು ಹೇಳಿಕೊಟ್ಟರು. ಹಾಗೆ ಕೇಳಿಸಿಕೊಳ್ಳುತ್ತಾ ಕೇಳಿಸಿಕೊಳ್ಳುತ್ತಾ ಇಬ್ಬರೂ ಗೆಳತಿಯರಾದರು. ಪ್ರಾಕ್ಟೀಸು ಮುಗಿದ ಮೇಲೆ ಅಮೂಲ್ಯಳ ಡಬ್ಬಿಯ ರೊಟ್ಟಿಗೂ ಹೇಮಶ್ರೀಯ ಡಬ್ಬಿಯ ಚಿತ್ರಾನ್ನಕ್ಕೂ ಒಡತಿ ಯಾರೆಂದು ಹೇಳುವುದು ಕಷ್ಟವಾಗುತ್ತಿತ್ತು. ದಸರಾ ರಜೆಗೆ ಮುಂಚೆಯೇ ಡ್ರಮ್ಮಿನವರಿಗೆಲ್ಲ ಹೇಮಶ್ರೀಯನ್ನು ಲೀಡರ್ ಮಾಡಿದರು. ಸಾಲು ಹೊರಡುವ ಮೊದಲು "ಬ್ಯಾಂಡ್, ಸಾವಧಾನ್!" ಎಂದು ಅವಳು ಕೂಗಿದರೆ ರಸ್ತೆಯಾಚೆಯ ಸೈಕಲ್ ಶಾಪಿನವನು ತಲೆಯೆತ್ತಿ ನೋಡುತ್ತಿದ್ದ. ಹಾಜರಿಯಲ್ಲಿ ಪಕ್ಕದವಳ ನೆರವು ಬೇಕಾಗಲಿಲ್ಲ.

ಒಂದು ಸಂಜೆ ಊಟಕ್ಕೆ ಕೂತಾಗ ಹೇಮಶ್ರೀಗೆ ಖುಷಿ ತಡೆಯಲಾಗಲಿಲ್ಲ.

"ಅಪ್ಪಾ, ಇವತ್ತು ಆಫೀಸಿನ ಕ್ಲರ್ಕ್ ಸಾರ್ ನಮ್ಮ ಪ್ರಾಕ್ಟೀಸ್ ನೋಡಿದ್ರು. ಎಲ್ಲರ ಎದುರಿಗೂ ನನ್ನನ್ನೇ ಹೊಗಳಿದ್ರು ಗೊತ್ತಾ?"

"ಏನಂದ್ರು?" ಮಾರಪ್ಪನ ಮುಖವೂ ಅರಳಿತು.

"ಇವಳಿಗೆ ಕಲಿಸೋದೇ ಬೇಡ ಕಣ್ರೀ, ಅವರಿಗೆ ಅದು ರಕ್ತದಲ್ಲೇ ಬಂದಿರುತ್ತೆ ಅಂದ್ರು."

ಮಾರಪ್ಪನ ಕೈ ತಟ್ಟೆಯಲ್ಲೇ ನಿಂತಿತು. ಹುಲಿಗೆಮ್ಮ ಗಂಡನ ಮುಖ ನೋಡಿ, ಸಾರಿನ ಸೌಟನ್ನು ಮೆಲ್ಲಗೆ ಪಾತ್ರೆಗೆ ಇಳಿಸಿದಳು. ಕೈ ತೊಳೆದು ಎದ್ದವನು ಬಾಗಿಲ ಹತ್ತಿರ ಹೋಗಿ ಬೆನ್ನು ತಿರುಗಿಸಿಯೇ ಹೇಳಿದ: "ನಾಳೆಯಿಂದ ಬ್ಯಾಂಡು ಗೀಂಡು ಏನೂ ಬೇಡ."

ಅವನು ಹೊರಗೆ ಹೋದ ಮೇಲೆ ಹುಲಿಗೆಮ್ಮ ಮಗಳಿಗೆ ಎಲ್ಲವನ್ನೂ ಹೇಳಿದಳು. ಅಜ್ಜ ಜಟ್ಟಪ್ಪ ಹಲಗೆ ಬಡಿಯುವವನು. ಊರಲ್ಲಿ ಯಾರು ಸತ್ತರೂ, ಯಾವ ಡಂಗುರ ಸಾರಬೇಕಾದರೂ ಕರೆ ಬರುತ್ತಿತ್ತು. ಮೈಯಲ್ಲಿ ಜ್ವರವಿದ್ದರೂ ಹೋಗಲೇಬೇಕು. ಬಡಿದಾದ ಮೇಲೆ ದೂರದಲ್ಲಿ ನಿಂತು, ಒಡ್ಡಿದ ಟವಲಿಗೆ ಹಾಕಿದ್ದನ್ನು ತರಬೇಕು. ಒಂದು ಸಲ ಕರೆಗೆ ಹೋಗದಿದ್ದುದಕ್ಕೆ ಅಜ್ಜನನ್ನು ಜನರ ನಡುವೆ ನಿಲ್ಲಿಸಿ ಬೈದಿದ್ದನ್ನು ಮಾರಪ್ಪ ಕಣ್ಣಾರೆ ಕಂಡಿದ್ದ. ಆ ವರ್ಷವೇ ಊರು ಬಿಟ್ಟು ಭದ್ರಾವತಿಗೆ ಬಂದವನು, ತನ್ನ ಮಕ್ಕಳ ಕೈಗೆ ಹಲಗೆಯ ಕೋಲು ಬರಬಾರದೆಂದು ಆಣೆ ಮಾಡಿಕೊಂಡಿದ್ದ; ಶಾಲೆಯ ಡ್ರಮ್ಮು ಬೇರೆ ಎಂದು ಇಷ್ಟು ದಿನ ಸಮಾಧಾನ ಮಾಡಿಕೊಂಡಿದ್ದ.

"ಆ ಮನುಷ್ಯ ಹೊಗಳಿದ್ದಲ್ಲ ಮಗಾ ಅದು, ರಿಜಿಸ್ಟರಲ್ಲಿ ಜಾತಿ ನೋಡಿ ಆಡಿದ್ದು" ಎಂದಳು ಹುಲಿಗೆಮ್ಮ.

ಹೇಮಶ್ರೀಗೆ ಕಿವಿಯೆಲ್ಲ ಬಿಸಿಯಾಯಿತು. ಬೆಂಚಿನ ಮೇಲೆ ತಿಂಗಳಿಡೀ ಸವೆಸಿದ ಎಡಗೈ ನೆನಪಾಯಿತು. ಅದೆಲ್ಲ ಲೆಕ್ಕಕ್ಕೇ ಇಲ್ಲವೇ? ಆವತ್ತಿನಿಂದ ಪ್ರಾಕ್ಟೀಸಿಗೆ ಹೋಗಲಿಲ್ಲ. ಅಮೂಲ್ಯ ಬಂದು ಕೇಳಿದರೂ ಕಾರಣ ಹೇಳಲಿಲ್ಲ.

ಒಂದು ಭಾನುವಾರ ಜಯಪ್ಪನವರೇ ವಠಾರ ಹುಡುಕಿಕೊಂಡು ಬಂದರು. ಮಾರಪ್ಪ ಮರ್ಯಾದೆಯಿಂದಲೇ ಚಾಪೆ ಹಾಸಿ ಕೂರಿಸಿದ. ಹೇಳಬೇಕಾದುದನ್ನು ಮುಚ್ಚುಮರೆಯಿಲ್ಲದೆ ಹೇಳಿದ. ಮಾಸ್ತರರು ತಲೆ ತಗ್ಗಿಸಿದರು.

"ಆ ಮಾತು ನನ್ನೆದುರಿಗೇ ಆಡಿದ್ದು. ನಾನೂ ನಕ್ಕು ಸುಮ್ಮನಾಗ್ಬಿಟ್ಟೆ. ತಪ್ಪಾಯ್ತು" ಎಂದರು. ಆಮೇಲೆ, "ಡ್ರಮ್ ಬೇಡ ಅಂದ್ರೆ ಬ್ಯೂಗಲ್ ಕೊಡ್ತೀನಿ ಮಾರಪ್ಪ. ಹುಡುಗಿ ಬ್ಯಾಂಡ್ ಬಿಡೋದು ಬೇಡ" ಎಂದರು.

ಅಷ್ಟರಲ್ಲಿ ಒಳಬಾಗಿಲಲ್ಲಿ ನಿಂತಿದ್ದ ಹೇಮಶ್ರೀ ಮಾತಾಡಿದಳು.

"ಬ್ಯೂಗಲ್ ಬೇಡ ಸಾರ್. ಬಾರಿಸಿದ್ರೆ ಡ್ರಮ್ಮೇ ಬಾರಿಸ್ತೀನಿ." ಅಪ್ಪನ ಕಡೆ ತಿರುಗಿದಳು. "ಅಜ್ಜಂಗೆ ಆಗಲ್ಲ ಅನ್ನೋ ಹಂಗಿರ್ಲಿಲ್ಲ ಅಪ್ಪ. ನಂಗೆ ಹಂಗಲ್ಲ. ಬೇಡ ಅನ್ನಿಸಿದ ದಿನ ಪಟ್ಟಿ ಬಿಚ್ಚಿಟ್ಟು ಬರ್ತೀನಿ, ನನ್ನ ಯಾರೂ ಕೇಳಲ್ಲ. ಅವರು ಅಂದ್ರು ಅಂತ ನಾನು ಬಿಟ್ರೆ, ಅವರ ಮಾತೇ ನಡೆದಂಗಾಯ್ತಲ್ಲ?"

ಮಗಳು ಇಷ್ಟುದ್ದ ಮಾತಾಡಿದ್ದನ್ನು ಮಾರಪ್ಪ ಅದುವರೆಗೆ ಕೇಳಿರಲಿಲ್ಲ. ಮಾರನೆಯ ಬೆಳಿಗ್ಗೆ ಹುಲಿಗೆಮ್ಮ ಬೇಗ ಎದ್ದು ಮಗಳ ಪ್ರಾಕ್ಟೀಸಿನ ಡಬ್ಬಿಗೆ ಚಿತ್ರಾನ್ನ ಕಲಸಿದಳು. ಮಾರಪ್ಪ ನೋಡಿಯೂ ನೋಡದವನಂತೆ ಡ್ಯೂಟಿಗೆ ಹೊರಟ.

ಜನವರಿಯಲ್ಲಿ ಶಿವಮೊಗ್ಗದಲ್ಲಿ ಶಾಲಾ ಬ್ಯಾಂಡುಗಳ ಸ್ಪರ್ಧೆ ನಡೆಯಿತು. ಬಿಳಿ ಕೈಗವಸು, ಕೆಂಪು ಪಟ್ಟಿ, ಪಾಲಿಶ್ ಹಾಕಿದ ಬೂಟು. ಹೇಮಶ್ರೀ ಬೂಟು ಹಾಕಿಕೊಂಡಿದ್ದೇ ಮೊದಲು, ಹಿಮ್ಮಡಿಯಲ್ಲಿ ಬೊಕ್ಕೆ ಎದ್ದಿತ್ತು. ಧ್ವಜ ಹಾರಿಸುವಾಗ ನುಡಿಸುವ ಸರದಿ ಚೀಟಿ ಎತ್ತಿ ಇವರ ಶಾಲೆಗೆ ಬಂತು. ರಾಷ್ಟ್ರಗೀತೆಗೆ ಮೊದಲು ಸೈಡ್ ಡ್ರಮ್ಮೊಂದೇ ಮೊರೆಯಬೇಕು. ಹೇಮಶ್ರೀ ಉಸಿರೆಳೆದುಕೊಂಡು ಕೋಲು ಇಳಿಸಿದಳು. ಮಳೆ ಹತ್ತಿರ ಬಂದಂತೆ ಸದ್ದು ಎದ್ದಿತು. ಶಾಮಿಯಾನದ ಕೆಳಗಿದ್ದ ಅಧಿಕಾರಿಗಳು, ದೊಡ್ಡ ಕುರ್ಚಿಯಲ್ಲಿದ್ದ ಅತಿಥಿಗಳು, ಗ್ಯಾಲರಿಯ ಜನ ಎಲ್ಲರೂ ಒಟ್ಟಿಗೆ ಎದ್ದು ನಿಂತರು.

ಸ್ಪರ್ಧೆಯಲ್ಲಿ ಅವರಿಗೆ ಯಾವ ಬಹುಮಾನವೂ ಬರಲಿಲ್ಲ. ಅಮೂಲ್ಯ ಅಳುತ್ತಾ ಕೂತಳು. ಅವಳಿಗೆ ನೀರು ತರಲು ಹೋದ ಹೇಮಶ್ರೀಗೆ ನಲ್ಲಿಯ ಹತ್ತಿರ ಅಪ್ಪ ಕಂಡ. ಕಾರ್ಖಾನೆಯ ಖಾಕಿ ಬಟ್ಟೆಯಲ್ಲೇ ಬಂದಿದ್ದ.

"ಶಿಫ್ಟ್ ಬದಲಾಯಿಸ್ಕೊಂಡೆ" ಎಂದ. "ಎಲ್ಲಾ ಎದ್ದು ನಿಂತ್ರಲ್ಲೇ."

"ರಾಷ್ಟ್ರಗೀತೆಗೆ ಅಲ್ವಾ ಅಪ್ಪ, ಎಲ್ಲಾರೂ ನಿಲ್ತಾರೆ."

"ಹೌದು, ಗೊತ್ತು. ಆದ್ರೂ..." ಮಾರಪ್ಪ ಮೈದಾನದ ಕಡೆ ನೋಡಿದ. "ನಮ್ಮಪ್ಪ ಬಡಿಯುವಾಗ ಕೂತೋರು ಕೂತೇ ಇರ್ತಿದ್ರು ಮಗಾ. ಅವನೊಬ್ಬ ನಿಂತಿರ್ತಿದ್ದ."

ಭದ್ರಾವತಿಗೆ ವಾಪಸು ಬರುವ ಬಸ್ಸಿನಲ್ಲಿ ಮಗಳ ಪಕ್ಕದಲ್ಲಿ ಕೂತು ಅವನು ಮೊದಲ ಸಲ ತನ್ನಪ್ಪನ ಬಗ್ಗೆ ಮಾತಾಡಿದ. ಒಣಹುಲ್ಲಿನ ಬೆಂಕಿಗೆ ಹಲಗೆ ಹಿಡಿದು ಚರ್ಮ ಕಾಯಿಸುತ್ತಿದ್ದುದು, ಬೆರಳಲ್ಲಿ ತಟ್ಟಿ ಕಿವಿಗೊಟ್ಟು ನಗುತ್ತಿದ್ದುದು, ಯಾರೂ ಕರೆಯದ ಸಂಜೆಗಳಲ್ಲಿ ಮನೆಯಂಗಳದಲ್ಲಿ ಮಕ್ಕಳು ಕುಣಿಯಲೆಂದೇ ಬಾರಿಸುತ್ತಿದ್ದುದು. "ಚೆನ್ನಾಗಿ ಬಾರಿಸ್ತಿದ್ದ" ಎಂದ. ಅದನ್ನು ಹೇಳುವುದಕ್ಕೆ ಅವನಿಗೆ ಇಷ್ಟು ವರ್ಷ ಬೇಕಾಗಿತ್ತು.

ಹೈಸ್ಕೂಲು ಮುಗಿದ ಮೇಲೆ ಹೇಮಶ್ರೀ ಮತ್ತೆ ಡ್ರಮ್ಮು ಹೆಗಲಿಗೇರಿಸಲಿಲ್ಲ. ಅದಕ್ಕೆ ಅವಕಾಶವೂ ಇರಲಿಲ್ಲ. ಪಿಯುಸಿ ಓದಿದಳು, ಮೂರ್ನಾಲ್ಕು ವರ್ಷ ಅಂಗಡಿಯಲ್ಲಿ ದುಡಿದಳು. ಎರಡು ಸಾವಿರದ ನಾಲ್ಕರಲ್ಲಿ ಬಸ್ ಕಂಡಕ್ಟರ್ ಕೆಲಸ ಸಿಕ್ಕಿತು. ಹೆಣ್ಣು ಕಂಡಕ್ಟರ್ ಎಂದರೆ ಜನ ಇನ್ನೂ ತಿರುಗಿ ನೋಡುತ್ತಿದ್ದ ಕಾಲ. ತುಂಬಿದ ಬಸ್ಸಿನ ಹಿಂದಿನ ಬಾಗಿಲಿಂದ ಅವಳು "ಮುಂದೆ ನಡೀರಿ, ಮಧ್ಯ ಖಾಲಿ ಇದೆ" ಎಂದರೆ ಡ್ರೈವರನ ಪಕ್ಕದಲ್ಲಿದ್ದವರೂ ಒಂದು ಹೆಜ್ಜೆ ಸರಿಯುತ್ತಿದ್ದರು. ಅಮೂಲ್ಯ ಅಷ್ಟು ಹೊತ್ತಿಗೆ ಮದುವೆಯಾಗಿ ಶಿವಮೊಗ್ಗದ ವಿದ್ಯಾನಗರದಲ್ಲಿದ್ದಳು. ಡ್ಯೂಟಿ ಬೇಗ ಮುಗಿದ ದಿನ ಹೇಮಶ್ರೀಯ ಕಾಫಿ ಅವಳ ಮನೆಯಲ್ಲೇ.

ಅದೇ ವರ್ಷದ ಕೊನೆಗೆ ಕುಂಸಿ ಕಡೆಯಿಂದ, ಮಾರಪ್ಪನ ಅಕ್ಕ ಹೂವಮ್ಮ ಹಾಸಿಗೆ ಹಿಡಿದಿದ್ದಾಳೆಂದು ಸುದ್ದಿ ಬಂತು. ಊರು ಬಿಟ್ಟ ಮೇಲೆ ಮಾರಪ್ಪ ಅತ್ತ ಕಾಲಿಟ್ಟವನಲ್ಲ. ಎರಡು ದಿನ ಯೋಚಿಸಿ, "ನೀನೂ ಬಾ" ಎಂದು ಮಗಳನ್ನು ಕರೆದ.

ಬಸ್ಸಿಳಿದು ಊರ ನಡುವಿನ ಬೀದಿಗೆ ಬಂದಾಗ ಮಾರಪ್ಪನ ನಡಿಗೆ ಬದಲಾದದ್ದು ಹೇಮಶ್ರೀಯ ಕಣ್ಣಿಗೆ ಬಿತ್ತು. ಭುಜ ಕುಗ್ಗಿತ್ತು. ಕಣ್ಣು ನೆಲದಲ್ಲಿತ್ತು. ದೊಡ್ಡ ಮನೆಯೊಂದರ ಜಗಲಿಯಲ್ಲಿ ಕೂತಿದ್ದ ಮುದುಕರೊಬ್ಬರು ಕನ್ನಡಕ ಏರಿಸಿ ನೋಡಿದರು.

"ಯಾರದು? ಹಲಗೆ ಜಟ್ಟನ ಮಗ ಅಲ್ವೇನೋ?"

ಮಾರಪ್ಪನ ಕೈ ಹೆಗಲ ಮೇಲಿನ ಟವಲು ತೆಗೆಯಲು ಹೋಯಿತು.

"ಹೌದು, ಜಟ್ಟಪ್ಪನೋರ ಮಗ ಮಾರಪ್ಪನೋರು" ಎಂದಳು ಹೇಮಶ್ರೀ. ಕೂಗಿದ್ದಲ್ಲ, ಆದರೆ ಎದುರು ಸಾಲಿನ ಜಗಲಿಗಳಿಗೂ ಕೇಳಿಸಿತು. "ನಾನು ಮೊಮ್ಮಗಳು. ಅತ್ತೆಗೆ ಹುಷಾರಿಲ್ಲ, ನೋಡೋಕೆ ಬಂದಿದ್ದೀವಿ."

ಮುದುಕರು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಏನು ತೋಚಿತೋ, ಜಗಲಿಯ ಮೇಲೆ ತುಸು ಸರಿದು, "ಬಿಸಿಲಲ್ಲಿ ಬಂದಿದ್ದೀರಿ, ಕೂತ್ಕೊಂಡು ಹೋಗಿ" ಎಂದರು.

ಹೇಮಶ್ರೀ ಅಪ್ಪನ ಮುಖ ನೋಡಿದಳು. ಮಾರಪ್ಪ ಜಗಲಿಯನ್ನು ಒಂದು ಕ್ಷಣ ದಿಟ್ಟಿಸಿದ.

"ಬರೋವಾಗ ನೋಡೋಣ" ಎಂದ. "ಅಕ್ಕ ಕಾಯ್ತಿರ್ತಾಳೆ."

ಹೂವಮ್ಮ ಒರಗಿಕೊಂಡೇ ಇಬ್ಬರ ಕೈಯನ್ನೂ ಹಿಡಿದುಕೊಂಡಳು. ಅಷ್ಟರಲ್ಲಿ ಬೀದಿಯ ಸುದ್ದಿ ಅವಳನ್ನು ಮುಟ್ಟಿತ್ತು. "ಇಷ್ಟು ಗಟ್ಟಿ ಗಂಟಲು ನಮ್ಮ ಮನೇಲಿ ಯಾರಿಗೂ ಇರ್ಲಿಲ್ಲವಲ್ಲೇ, ಎಲ್ಲಿಂದ ಬಂತು ನಿಂಗೆ?" ಎಂದು ಕೇಳಿದಳು.

"ಕಲಿತಿದ್ದು ಅತ್ತೆ" ಎಂದು ನಕ್ಕು, ಹೇಮಶ್ರೀ ಒಲೆ ಹಚ್ಚಲು ಒಳಗೆ ಹೋದಳು.