ನೀರಿನೊಳಗೆ ಬಿದ್ದ ವಿಳಾಸ

ಹಗರಿಬೊಮ್ಮನಹಳ್ಳಿಯಲ್ಲಿ ಬೀಜ-ಗೊಬ್ಬರದ ಅಂಗಡಿಯೊಂದರ ಮಹಡಿಯ ಮೇಲೆ ನನ್ನದೊಂದು ಕಂಪ್ಯೂಟರ್ ಕೇಂದ್ರವಿತ್ತು. ಕೇಂದ್ರ ಅಂದರೆ ಎರಡು ಮೂರು ಕಂಪ್ಯೂಟರು, ಒಂದು ಜೆರಾಕ್ಸ್ ಯಂತ್ರ, ಕರೆಂಟು ಇದ್ದಾಗ ತಿರುಗುವ ಫ್ಯಾನು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಟ್ರ್ಯಾಕ್ಟರ್ ಮಾರುವ ಏಜೆನ್ಸಿಯವರು ಒಂದು ಕೆಲಸ ತಂದರು. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಕಡೆಯ ಗಿರಾಕಿಗಳ ವಿಳಾಸಗಳನ್ನು ನಾನು ಒಂದು ಸಾಫ್ಟ್‌ವೇರಿಗೆ ಹಾಕಬೇಕು. ಅದು ಪ್ರತಿ ವಿಳಾಸಕ್ಕೂ ಅಕ್ಷಾಂಶ, ರೇಖಾಂಶ ಅಂತ ಎರಡು ಅಂಕಿ ಕೊಟ್ಟು ನಕ್ಷೆಯ ಮೇಲೆ ಚುಕ್ಕೆ ಇಡುತ್ತದೆ. ರಿಪೇರಿಯವನು ಚುಕ್ಕೆ ನೋಡಿಕೊಂಡು ಬೈಕ್ ಹತ್ತುತ್ತಾನೆ. ಕೇಳಲು ಬಹಳ ಸಲೀಸು.

ಆದರೆ ನಮ್ಮ ಕಡೆಯ ವಿಳಾಸಗಳೋ! ಕಾನಹೊಸಹಳ್ಳಿ, ಹೈವೇ ಪಕ್ಕ, ಪಂಕ್ಚರ್ ಅಂಗಡಿ ಹಿಂದೆ. ಉಚ್ಚಂಗಿದುರ್ಗ, ಗುಡ್ಡದ ಕೆಳಗೆ, ಯಾರನ್ನು ಕೇಳಿದರೂ ಹೇಳುತ್ತಾರೆ. ಸಾಫ್ಟ್‌ವೇರಿಗೆ ಯಾರನ್ನೂ ಕೇಳುವ ಅಭ್ಯಾಸವಿಲ್ಲ. ಹಿಂದೆ, ಮುಂದೆ, ಮಗ್ಗುಲು ಅದಕ್ಕೆ ತಿಳಿಯದು. ತಿಳಿಯದ ಮೇಲೆ ಸುಮ್ಮನಿರಬೇಕಲ್ಲ? ಊರಿನ ನಟ್ಟನಡುವೆ ಒಂದು ಚುಕ್ಕೆ ಇಟ್ಟು ಕೈ ತೊಳೆದುಕೊಳ್ಳುತ್ತಿತ್ತು. ಗೊತ್ತಿಲ್ಲ ಅನ್ನಲು ನಾಚುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು, ಯಂತ್ರವಾದರೂ ಅಷ್ಟೇ.

ಹೀಗಿರುವಾಗ ನನ್ನ ಅವ್ವನ ತವರೂರಿನ ಸರದಿ ಬಂತು. ಅದು ಹಂಪಸಾಗರದ ಕಡೆ, ತುಂಗಭದ್ರೆಯ ಹಿನ್ನೀರಿನ ದಂಡೆಯಲ್ಲಿದೆ. ಡ್ಯಾಮು ಕಟ್ಟಿದಾಗ ಹಳೆಯ ಊರು ಮುಳುಗಿ, ಜನ ಹೆಸರನ್ನಷ್ಟೇ ಹೊತ್ತುಕೊಂಡು ದಿಬ್ಬ ಹತ್ತಿದ್ದರು. ಸಾಫ್ಟ್‌ವೇರಿನ ನಕ್ಷೆಯಲ್ಲಿ ಹಿನ್ನೀರಿತ್ತು, ಆದರೆ ಊರುಗಳ ಪಟ್ಟಿ ಮಾತ್ರ ಡ್ಯಾಮಿಗಿಂತ ಹಳೆಯದು. ಅದರ ಪಾಲಿಗೆ ಊರು ಇನ್ನೂ ಕೆಳಗೇ ಇತ್ತು. ಆ ಊರಿನ ಟ್ರ್ಯಾಕ್ಟರುಗಳೆಲ್ಲ ನೀರಿನ ನಡುವೆ ಸಾಲಾಗಿ ನಿಂತವು.

ಮಧ್ಯಾಹ್ನ ಊಟಕ್ಕೆ ಹೋದಾಗ ಇದನ್ನು ನಗುತ್ತಾ ಹೇಳಿದೆ. ಅವ್ವ ನಗಲಿಲ್ಲ. ರೊಟ್ಟಿ ಹಾಕುತ್ತಿದ್ದ ಕೈ ನಿಂತಿತು.

"ಸರಿಯಾಗೇ ತೋರಿಸೈತಲ್ಲ. ನಮ್ಮೂರು ಅಲ್ಲೇ ಅಲ್ಲೇನು ಇರೋದು?"

ಮರುದಿನ ಮಂಡಿನೋವು ಲೆಕ್ಕಿಸದೆ ಮಹಡಿ ಹತ್ತಿ ಬಂದಳು. ನೀಲಿ ಬಣ್ಣದ ಮೇಲಿನ ಚುಕ್ಕೆಯನ್ನು ತುಂಬಾ ಹೊತ್ತು ನೋಡಿದಳು. ತಮ್ಮ ಮನೆಯ ಬಾಗಿಲು ಯಾವ ದಿಕ್ಕಿಗಿತ್ತು ಅಂತ ಇದು ಹೇಳುತ್ತದೆಯೇ ಎಂದು ಕೇಳಿದಳು.

ಆ ಬಾಗಿಲು ನಮ್ಮ ಮನೆತನದ ಹಳೆಯ ವ್ಯಾಜ್ಯ. ಊರು ಮುಳುಗುವ ಮೊದಲೇ ಅಜ್ಜಿ ತೀರಿಕೊಂಡಿದ್ದಳು. ಅವ್ವನಿಗೆ ಆಗ ತಿಳಿಯದ ವಯಸ್ಸು, ತಾಯಿಯ ಮುಖ ನೆನಪಿಲ್ಲ, ಫೋಟೋ ಅಂತೂ ಇಲ್ಲವೇ ಇಲ್ಲ. ನೆನಪಿದ್ದದ್ದು ಒಂದೇ. ಬಾಗಿಲ ಪಕ್ಕದ ಕಟ್ಟೆಯ ಮೇಲೆ ಕೂಡಿಸಿಕೊಂಡು ತಾಯಿ ತಲೆ ಬಾಚುತ್ತಿದ್ದಳು, ಎದುರಿಗೆ ಹೊಳೆ ಕಾಣುತ್ತಿತ್ತು. ಇದನ್ನು ಹೇಳಿದಾಗಲೆಲ್ಲ ಅವ್ವನ ಅಣ್ಣ, ಅಂದರೆ ನನ್ನ ಸೋದರಮಾವ, ಅಡ್ಡ ಬಾಯಿ ಹಾಕುತ್ತಿದ್ದ. ಬಾಗಿಲು ಇದ್ದದ್ದು ಊರ ಹೆಬ್ಬಾಗಿಲಾದ ಅಗಸಿಯ ಕಡೆ, ಹೊಳೆಯ ಕಡೆ ಅಲ್ಲ, ನೀನು ಯಾರೋ ಹೇಳಿದ್ದನ್ನು ಕೇಳಿ ನಿನ್ನದೆಂದುಕೊಂಡಿದ್ದೀಯ ಅನ್ನುತ್ತಿದ್ದ. ಅವನು ವಯಸ್ಸಿನಲ್ಲಿ ದೊಡ್ಡವನು, ಎಲ್ಲರೂ ಅವನ ಮಾತನ್ನೇ ನಂಬುತ್ತಿದ್ದರು. ಪ್ರತಿ ಹಬ್ಬದಲ್ಲೂ ಹೋಳಿಗೆಯ ಜೊತೆಗೆ ಈ ಜಗಳವೂ ಆಗಲೇಬೇಕು. ನಾವು ಮಕ್ಕಳು ಒಳಗೊಳಗೇ ನಗುತ್ತಿದ್ದೆವು. ಅವ್ವನ ಪಾಲಿಗೆ ಇದ್ದ ತಾಯಿಯೇ ಅಷ್ಟು ಅನ್ನುವುದು ನಮಗೆ ಹೊಳೆದಿರಲಿಲ್ಲ.

ಬೇಸಿಗೆಯಲ್ಲಿ ಹಿನ್ನೀರು ಸರಿದು ಹಳೆಯ ಊರಿನ ಅಡಿಪಾಯಗಳು ಮೇಲೇಳುತ್ತವೆ. ಏಜೆನ್ಸಿಯವರು ಚುಕ್ಕೆಗಳನ್ನು ಪರೀಕ್ಷಿಸಲು ಕೊಟ್ಟಿದ್ದ ಜಿಪಿಎಸ್ ಯಂತ್ರ ಕೈಯಲ್ಲಿತ್ತು. ಆ ವರ್ಷ ನೀರು ಇಳಿದ ಕೂಡಲೇ ಅವ್ವನನ್ನೂ ಮಾವನನ್ನೂ ಕರೆದುಕೊಂಡು ಹೊರಟೆ. ಮಾವ ಗೆದ್ದೇ ಗೆಲ್ಲುವ ಉಮೇದಿನಲ್ಲಿ ಇಸ್ತ್ರಿ ಮಾಡಿದ ಧೋತರ ಉಟ್ಟು, ಕೊಡೆ ಹಿಡಿದು ಬಂದಿದ್ದ.

ಒಣಗಿ ಬಿರಿದ ಕೆಸರಿನ ಮೇಲೆ ಯಂತ್ರ ನಮ್ಮನ್ನು ಹನುಮಪ್ಪನ ಹಳೆಯ ಗುಡಿಯ ಕಟ್ಟೆಗೆ ತಂದು ನಿಲ್ಲಿಸಿತು. ಅದರ ವಿದ್ಯೆ ಅಲ್ಲಿಗೆ ಮುಗಿಯಿತು. ಅಲ್ಲಿಂದ ಮಾವ ಓಣಿ ಹಿಡಿದು ನಡೆದು ಒಂದು ಅಡಿಪಾಯದ ಮುಂದೆ ನಿಂತ. ಅಡಿಗೆಮನೆಯ ನೆಲದಲ್ಲಿ ಹೂತಿದ್ದ ಒರಳು ಹಾಗೇ ಇತ್ತು. ಚಿಕ್ಕವನಿದ್ದಾಗ ತಾನೇ ಕಲ್ಲೆತ್ತಿ ಹಾಕಿ ಒಡೆದ ಅಂಚನ್ನು ಮಾವ ತಡವಿ ತೋರಿಸಿದ. ಮನೆ ಅದೇ, ಅನುಮಾನವಿರಲಿಲ್ಲ. ಆಮೇಲೆ ಹೊಸ್ತಿಲ ಕಲ್ಲು ಸಿಕ್ಕಿತು. ಅದು ಅಗಸಿಯ ಕಡೆಗೇ ಇತ್ತು.

ಮಾವ ಕೆಮ್ಮಿದ. ಅವ್ವನ ಮುಖ ನೋಡಲು ನನ್ನಿಂದ ಆಗಲಿಲ್ಲ. ಯಾಕಾದರೂ ಕರೆತಂದೆನೋ ಅನ್ನಿಸಿತು. ಹಬ್ಬದ ಜಗಳವೇ ಚೆನ್ನಾಗಿತ್ತು.

ಅವ್ವ ಹೊಸ್ತಿಲು ದಾಟಿ, ಗೋಡೆಯಿಲ್ಲದ ಮನೆಯೊಳಗೆ ಸುಮ್ಮನೆ ನಡೆದಳು. ಒರಳಿನ ಪಕ್ಕದಿಂದ ಹಾದು ಹಿಂದಕ್ಕೆ ಹೋದಳು. ಅಲ್ಲಿ ಇನ್ನೊಂದು ಚಿಕ್ಕ ಹೊಸ್ತಿಲಿತ್ತು, ಅದರ ಮಗ್ಗುಲಲ್ಲಿ ಅರ್ಧ ಹೂತ ಕಲ್ಲುಕಟ್ಟೆ. ಸೆರಗಿನಿಂದ ಮಣ್ಣು ಒರೆಸಿ ಕೂತಳು. ಎದುರಿಗೆ, ಬೇಸಿಗೆಗೆ ಬಡಕಲಾಗಿ ತನ್ನ ಹಳೆಯ ಪಾತ್ರಕ್ಕೆ ಮರಳಿದ್ದ ಹೊಳೆ ಬಿಸಿಲಿಗೆ ಹೊಳೆಯುತ್ತಿತ್ತು.

ಮಾವ ಕೊಡೆ ಮಡಚಿ ನಿಂತುಬಿಟ್ಟ.

"ಹೌದವಾ. ಅವ್ವ ತಲಿ ಬಾಚತಿದ್ದದ್ದು ಹಿತ್ತಲದಾಗ. ನನ್ನೂ ಇಲ್ಲೇ ಕುಂದ್ರಿಸಿಕೊಂತಿದ್ಲು. ನಾನೇ ಮರ್ತಿದ್ದೆ."

ಅಷ್ಟು ಹೇಳಿ, ಧೋತರದ ಇಸ್ತ್ರಿ ಮರೆತು ತಂಗಿಯ ಪಕ್ಕದಲ್ಲಿ ಮಣ್ಣಿನ ಮೇಲೆ ಕೂತ. ನಾನು ಏನಾದರೂ ಮಾಡಬೇಕೆಂದು ಯಂತ್ರದ ಗುಂಡಿ ಒತ್ತಿದೆ. ಎರಡು ಅಂಕಿ ಬಂದವು. ಈ ಜಾಗಕ್ಕೆ ಹೆಸರೇನು ಅಂತ ಅದು ಕೇಳಿತು.

ಏನಂತ ಬರೆಯಲಿ ಎಂದು ಅವ್ವನನ್ನು ಕೇಳಿದೆ. ಅವಳು ಹೊಳೆಯಿಂದ ಕಣ್ಣು ಕೀಳಲಿಲ್ಲ.

"ನಮ್ಮವ್ವ ಅದಾಳ ಅಂತ ಬರಿ."