ಐದು ತುಂಡಿನ ಒಂದು ಕ್ಷೇತ್ರ

2022ರ ಸೆಪ್ಟೆಂಬರಿನಲ್ಲಿ ನಾನು ಮಸ್ಕತ್‌ನ ಅಲ್ ಖುವೈರ್‌ನಲ್ಲಿದ್ದ ಒಂದು ಮ್ಯಾಪಿಂಗ್ ಕಂಪನಿಯಲ್ಲಿ ಜಿಐಎಸ್ ಅನಲಿಸ್ಟ್ ಆಗಿದ್ದೆ. ಜಿಐಎಸ್ ಎಂದರೆ ನಕ್ಷೆಯನ್ನೂ ಮಾಹಿತಿಯನ್ನೂ ಕಂಪ್ಯೂಟರಿನಲ್ಲಿ ಒಂದಕ್ಕೊಂದು ಜೋಡಿಸುವ ಕೆಲಸ. ನಕ್ಷೆಯ ಮೇಲೆ ಒಂದು ಚರಂಡಿ ವಲಯವನ್ನು ಒತ್ತಿದರೆ ಅಲ್ಲಿ ಎಷ್ಟು ಮನೆ, ಎಲ್ಲಿ ಪೈಪು, ಯಾವಾಗ ರಿಪೇರಿ ಎಂಬುದೆಲ್ಲ ತೆರೆದುಕೊಳ್ಳಬೇಕು. ನಮ್ಮ ಕಂಪನಿ ಬಹಳ ವರ್ಷಗಳಿಂದ ಮಾಡುತ್ತಿದ್ದದ್ದು ಹೆಚ್ಚಾಗಿ ಅದನ್ನೇ. ಕೋವಿಡ್ ಆದ ಮೇಲೆ ಆ ಕೆಲಸ ಸೊರಗಿತು. ಅರ್ಧ ಕುರ್ಚಿಗಳು ಖಾಲಿಯಾಗಿದ್ದವು. ಹಾಗಿರುವಾಗ ಬ್ರಿಟನ್ನಿನ ಒಬ್ಬ ಪ್ರಕಾಶಕರ ಕೆಲಸ ಸಿಕ್ಕಿತು: ಈಗ ಇಲ್ಲದ, ಹಿಂದೆ ಇದ್ದ ಪಾರ್ಲಿಮೆಂಟ್ ಕ್ಷೇತ್ರಗಳ ಒಂದು ಡಿಜಿಟಲ್ ಅಟ್ಲಾಸ್. ಪ್ರತಿ ಕ್ಷೇತ್ರದ ಗಡಿ ಬಿಡಿಸಬೇಕು. ಯಾವ ಚುನಾವಣೆಯಲ್ಲಿ ಯಾರು ನಿಂತರು, ಯಾರು ಗೆದ್ದರು, ಎಷ್ಟು ಓಟು ಎಂಬುದನ್ನು ಅದಕ್ಕೆ ಸೇರಿಸಬೇಕು.

ನನ್ನ ಬಗ್ಗೆ ಇಷ್ಟು ಹೇಳಬೇಕು. ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಬಾಪ, ನನ್ನ ಅಪ್ಪ, ಮಂಗಳೂರಿನ ಮೀನು ದಕ್ಕೆಯಲ್ಲಿ ಮಂಜುಗಡ್ಡೆ ಹೊರುತ್ತಿದ್ದರು. ನಾನು ಬಿಎಗೆ ರಾಜ್ಯಶಾಸ್ತ್ರ ತಗೊಂಡಾಗ ಮಾವ ಎಲ್ಲರೆದುರು ಕೇಳಿದ್ದರು, "ಅದನ್ನು ಓದಿ ಎಂತ ಮಾಡುದು ಮೈಮುನಾ? ವಿಧಾನಸೌಧಕ್ಕೆ ಹೋಗ್ಲಿಕ್ಕುಂಟಾ?" ಆಮೇಲೆ ಹಗಲು ಕೆಲಸ ಮಾಡಿ ಸಂಜೆ ಜಿಐಎಸ್ ಡಿಪ್ಲೊಮಾ ಮುಗಿಸಿದೆ. ಅನ್ನ ಕೊಟ್ಟಿದ್ದು ಡಿಪ್ಲೊಮಾ. ಡಿಗ್ರಿ ಗೋಡೆಯ ಮೇಲಿತ್ತು. ಈ ಅಟ್ಲಾಸ್ ಬಂದ ದಿನ, ಆ ಡಿಗ್ರಿಗೂ ಒಂದು ಕೆಲಸ ಸಿಕ್ಕಿತು ಎಂದು ನನಗೆ ಖುಷಿಯಾಯಿತು.

ಗಡಿ ಬಿಡಿಸುವವರು ಸದಾಶಿವಣ್ಣ. ಮೂಲ್ಕಿ ಕಡೆಯವರು, ಮನೆಮಾತು ತುಳು. ಟ್ರೇಸಿಂಗ್ ಶೀಟಿನ ಮೇಲೆ ಶಾಯಿಯಲ್ಲಿ ಗೆರೆ ಎಳೆಯುತ್ತಿದ್ದ ಕಾಲದಿಂದ ಒಮಾನಿನಲ್ಲಿದ್ದರು. ಸೀಬ್‌ನಲ್ಲಿ ಬಾಡಿಗೆ ಫ್ಲ್ಯಾಟು, ಹೆಂಡತಿ ಪ್ರಮೀಳಾ, ಒಬ್ಬಳೇ ಮಗಳು ಶ್ರಾವ್ಯ. ಶ್ರಾವ್ಯ ಅಲ್ಲಿಯ ಇಂಡಿಯನ್ ಶಾಲೆಯಲ್ಲಿ ಹನ್ನೆರಡನೆಯ ತರಗತಿಗೆ ಬಂದಿದ್ದಳು. ಬೋರ್ಡ್ ಪರೀಕ್ಷೆ ಫೆಬ್ರವರಿಯಿಂದ. ಹೆಂಡತಿ ಮಕ್ಕಳ ವೀಸಾ ಇರುವುದು ಗಂಡನ ಕೆಲಸದ ಮೇಲೆ. ಅದು ಹೋದರೆ ಮೂವರೂ ಹೊರಡಬೇಕು. ಡೈರೆಕ್ಟರ್ ಮೀಟಿಂಗಿನಲ್ಲಿ ಸ್ಪಷ್ಟವಾಗಿ ಹೇಳಿದ್ದರು, ಈ ಅಟ್ಲಾಸ್ ನಡೆಯುವವರೆಗೆ ಯಾರನ್ನೂ ತೆಗೆಯುವುದಿಲ್ಲ ಎಂದು. ಅದು ನಿಂತರೆ ಮೊದಲು ಹೋಗುವವರು ವಯಸ್ಸಾದವರು ಎಂಬುದನ್ನು ಯಾರೂ ಹೇಳಬೇಕಾಗಿರಲಿಲ್ಲ.

"ನನಗೆ ದೊಡ್ಡ ಆಸೆ ಎಂತದೂ ಇಲ್ಲ ಮೈಮುನಾ," ಸದಾಶಿವಣ್ಣ ಚಾ ಕುಡಿಯುತ್ತ ಹೇಳಿದ್ದರು. "ಮಾರ್ಚ್‌ವರೆಗೆ ಇವರು ನನ್ನನ್ನು ಇಟ್ಕೊಳ್ಳಲಿ. ಹುಡುಗಿಯ ಲಾಸ್ಟ್ ಪೇಪರ್ ಮುಗಿದ ದಿನ ನಾನೇ ಪಾಸ್‌ಪೋರ್ಟ್ ತಂದು ಟೇಬಲ್ ಮೇಲೆ ಇಡ್ತೇನೆ."

"ಅಷ್ಟು ಸುಲಭದಲ್ಲಿ ಬಿಡ್ತಾರಾ ನಿಮ್ಮನ್ನು? ಲಾಸ್ಟಿಗೆ ಒಂದು ಚರಂಡಿ ಮಾಡಿ ಹೋಗಿ ಅಂತಾರೆ."

"ಅದೂ ಮಾಡುವಾ. ನನ್ನ ಕೈಗೆ ಚರಂಡಿದೇ ವಾಸನೆ."

ನಮ್ಮ ಪಾಲಿಗೆ ಬಂದ ಮೊದಲ ಕಂತಿನಲ್ಲಿ ಸ್ಕಾಟ್ಲೆಂಡಿನ ಒಂದು ಕ್ಷೇತ್ರ ಇತ್ತು. ಕರಾರಿನ ಪ್ರಕಾರ ಹೆಸರು ಹೇಳುವಂತಿಲ್ಲ. ಐದೂರಿನ ಕ್ಷೇತ್ರ ಎನ್ನುತ್ತೇನೆ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ 1707ರಲ್ಲಿ ಒಂದಾದ ಮೇಲೆ ಅಲ್ಲಿನ ಸಣ್ಣ ಪಟ್ಟಣಗಳಿಗೆ ತಲಾ ಒಬ್ಬ ಸದಸ್ಯ ಸಿಗುವಂತಿರಲಿಲ್ಲ. ಹಾಗಾಗಿ ನಾಲ್ಕೈದು ಪಟ್ಟಣ ಸೇರಿ ಒಬ್ಬನನ್ನು ಕಳಿಸಬೇಕು ಎಂದು ಮಾಡಿದರು. ಮೊದಮೊದಲು ಜನ ಓಟು ಹಾಕುತ್ತಲೇ ಇರಲಿಲ್ಲ. ಪ್ರತಿ ಪಟ್ಟಣದ ಕೌನ್ಸಿಲ್ ಒಬ್ಬ ಪ್ರತಿನಿಧಿಯನ್ನು ಆರಿಸುತ್ತಿತ್ತು, ಆ ಪ್ರತಿನಿಧಿಗಳು ಸರದಿಯ ಪ್ರಕಾರ ಒಂದೊಂದು ಸಲ ಒಂದೊಂದು ಊರಿನಲ್ಲಿ ಕೂತು ಸದಸ್ಯನನ್ನು ಆರಿಸುತ್ತಿದ್ದರು. ಸಮ ಬಿದ್ದರೆ ಸಭೆ ನಡೆಸುವ ಊರಿಗೆ ಇನ್ನೊಂದು ಓಟು. 1832ರ ಸುಧಾರಣೆಯ ನಂತರ ಆಸ್ತಿ ಇದ್ದ ಗಂಡಸರು ನೇರವಾಗಿ ಓಟು ಹಾಕಿದರು, 1872ರ ನಂತರ ಗುಟ್ಟಾಗಿ ಹಾಕಿದರು. 1918ರಲ್ಲಿ ಗಡಿಗಳನ್ನು ಹೊಸದಾಗಿ ಹಾಕುವಾಗ ಕ್ಷೇತ್ರ ರದ್ದಾಯಿತು, ಐದು ಊರುಗಳು ಬೇರೆ ಬೇರೆ ಕಡೆ ಹಂಚಿಹೋದವು. ಇದನ್ನೆಲ್ಲ ನಾನು ಸಾಲು ಸಾಲಾಗಿ ಟೈಪ್ ಮಾಡುತ್ತಿದ್ದೆ. ಎದುರಾಳಿಯೇ ಇಲ್ಲದೆ ಗೆದ್ದವರು, ಅಪ್ಪನ ಜಾಗಕ್ಕೆ ಬಂದ ಮಗ, ಸೋತು ಮತ್ತೆ ಮತ್ತೆ ನಿಂತ ಒಬ್ಬ ವಕೀಲ. ನಮ್ಮ ಊರಿನ ರಾಜಕೀಯದ ಹಾಗೆಯೇ ಇತ್ತು.

ತಪ್ಪು ಆದದ್ದು ಗಡಿಯಲ್ಲಿ. ಪ್ರಕಾಶಕರು ಕಳಿಸಿದ್ದ ಹಳೆಯ ನಕ್ಷೆಯಲ್ಲಿ ಊರಿಗೊಂದರಂತೆ ಬಣ್ಣದ ಐದು ಚುಕ್ಕೆಗಳಿದ್ದವು, ಒಂದಕ್ಕೊಂದು ತಾಗಿರಲಿಲ್ಲ. ನಮ್ಮ ಸಾಫ್ಟ್‌ವೇರಿನಲ್ಲಿದ್ದದ್ದು ಚರಂಡಿಗೆ ಮಾಡಿದ ಟೆಂಪ್ಲೇಟ್. ಒಂದು ವಲಯ ಎಂದರೆ ಒಂದೇ ತುಂಡು, ನಡುವೆ ಖಾಲಿ ಬಿಟ್ಟರೆ ಕೆಂಪು ಗುರುತು ಬರುತ್ತದೆ. ಚರಂಡಿ ವಲಯದ ನಡುವೆ ಜಾಗ ಬಿಟ್ಟಿದ್ದರೆ ಅದು ಯಾರೋ ಕೈ ತಪ್ಪಿ ಬಿಟ್ಟದ್ದೇ ಆಗಿರುತ್ತದೆ; ಹಾಗಾಗಿ ಕೆಂಪು ಕಂಡ ಕೂಡಲೇ ಮುಚ್ಚುವುದು ನಮಗೆಲ್ಲ ಅಭ್ಯಾಸ. ಪ್ರಾಜೆಕ್ಟ್ ಮ್ಯಾನೇಜರ್ ಶ್ರೀಧರ್, ಮೈಸೂರಿನವರು, ಹಿಂದೆ ನಿಂತು ನೋಡಿ "ಜಾಯಿನ್ ಮಾಡ್ಬಿಡಿ" ಎಂದರು. ಸದಾಶಿವಣ್ಣ ಕರಾವಳಿಯ ಗುಂಟ ಗೆರೆ ಎಳೆದು ಐದನ್ನೂ ಸೇರಿಸಿದರು. ನೋಡಲು ಚೆಂದದ ಕ್ಷೇತ್ರವೇ ಆಯಿತು, ನಮ್ಮ ದೇಶದ ಕ್ಷೇತ್ರಗಳ ಹಾಗೆ.

ನನ್ನ ಪಾಲಿನ ಓಟಿನ ಲೆಕ್ಕ ಅದಕ್ಕೆ ಹೊಂದಲಿಲ್ಲ. ಅಷ್ಟು ದೊಡ್ಡ ಜಾಗಕ್ಕೆ ಬಿದ್ದ ಓಟು ತೀರಾ ಕಡಿಮೆ. ಪಕ್ಕದ ಕೌಂಟಿ ಕ್ಷೇತ್ರದ, ಅಂದರೆ ಗ್ರಾಮಾಂತರ ಕ್ಷೇತ್ರದ, ಹಳ್ಳಿಗಳು ನಮ್ಮ ಗಡಿಯ ಒಳಗೆ ಬಂದಿದ್ದವು. ಬಿಎಯಲ್ಲಿ ಬ್ರಿಟಿಷ್ ಸಂವಿಧಾನ ಕಲಿಸಿದ ಮೇಡಂ ಇಂಥ ಪಟ್ಟಣಗಳ ಗುಂಪಿನ ಬಗ್ಗೆ ಹೇಳಿದ್ದು ನೆನಪಾಯಿತು. ಪ್ರಕಾಶಕರ ಟಿಪ್ಪಣಿಯನ್ನು ಮತ್ತೆ ಓದಿದೆ. ಸಂಶಯವೇ ಉಳಿಯಲಿಲ್ಲ. ಆ ಕ್ಷೇತ್ರ ಇದ್ದದ್ದೇ ಐದು ತುಂಡಾಗಿ. ನಡುವಿನ ಹೊಲದವರು ಬೇರೆ ಕ್ಷೇತ್ರದವರು.

ಪಕ್ಕದ ಟೇಬಲಿನ ಇಂಜಿನಿಯರ್ ಸಾಲಿಂ ಒಮಾನಿ, ಉಳಿದ ಒಮಾನಿನಿಂದ ಬೇರೆಯಾಗಿ ಬಿದ್ದಿರುವ ಮುಸಂದಮ್‌ನವನು. ಅವನಿಗೆ ತೋರಿಸಿದೆ. ಅವನು ನಕ್ಕು ತನ್ನ ಹಿಂದಿಯಲ್ಲಿ ಹೇಳಿದ. "ನಾನು ರಸ್ತೆಯಲ್ಲಿ ಮನೆಗೆ ಹೋಗಬೇಕಾದರೆ ನಡುವೆ ಎಮಿರೇಟ್ಸ್ ದಾಟಬೇಕು. ಅದನ್ನೂ ಒಮಾನಿಗೆ ಸೇರಿಸಿ ಬಣ್ಣ ಹಚ್ಚುತ್ತೀರಾ? ಯಲ್ಲಾ, ನಡೀರಿ, ಹಚ್ಚಿ. ಆಮೇಲೆ ನನ್ನ ಹೆಸರು ಹೇಳಬೇಡಿ."

ಸದಾಶಿವಣ್ಣನನ್ನೂ ಕರೆದು ಪರದೆ ತೋರಿಸಿದೆ. "ಹೌದು ಮಾರಾಯ್ತಿ," ಎಂದರು. "ಬಿಚ್ಚುವಾ. ಸಾರ್‌ಗೆ ಹೇಳಿ ಬಿಚ್ಚುವಾ."

ಇಬ್ಬರೂ ಶ್ರೀಧರ್ ಹತ್ತಿರ ಹೋದೆವು. ಅವರು ಕೆಟ್ಟ ಮನುಷ್ಯ ಅಲ್ಲ. ಅವರಿಗೂ ಹೆದರಿಕೆ ಇತ್ತು. ಮೊದಲ ಕಂತು ಮರುದಿನ ಹೋಗಬೇಕಿತ್ತು. ಟೆಂಪ್ಲೇಟ್ ಬದಲಿಸಿದರೆ ಉಳಿದ ಕ್ಷೇತ್ರಗಳನ್ನೂ ಮೊದಲಿಂದ ಪರೀಕ್ಷಿಸಬೇಕಿತ್ತು.

"ರೀ ಮೈಮುನಾ, ನೂರು ವರ್ಷದ ಹಿಂದೆ ಸತ್ತುಹೋದ ಕ್ಷೇತ್ರ ಇದು. ಯಾರು ಬಂದು ಅಳೀತಾರೆ?"

"ಸಾರ್, ಅಳೆಯುವವರಿಗೇ ನಾವು ಮಾಡಿಕೊಡ್ತಾ ಇರುದು."

"ನೀವು ಪೊಲಿಟಿಕಲ್ ಸೈನ್ಸ್ ಅಂತ ಗೊತ್ತು. ಇಲ್ಲಿ ನೀವು ಅನಲಿಸ್ಟು. ಈಗ ಕಳ್ಸೋಣ, ಎರಡನೇ ಕಂತಲ್ಲಿ ಸರಿ ಮಾಡಿದ್ರಾಯ್ತು. ಏನ್ ಸದಾಶಿವ್?"

ಸದಾಶಿವಣ್ಣ ನನ್ನ ಮುಖ ನೋಡಲಿಲ್ಲ. "ನೀವು ಹೇಳಿದ ಹಾಗೆ ಸಾರ್," ಎಂದರು.

ಹೊರಗೆ ಬಂದ ಮೇಲೆ ನಾನು ಸಿಟ್ಟು ಮಾಡಿದೆ. ಅವರು ಮೆಲ್ಲಗೆ ಹೇಳಿದರು, "ನಾನು ಇಲ್ಲ ಅಂದ್ರೆ ನಾಳೆ ಅವರು ಇನ್ನೊಬ್ಬನ ಹತ್ರ ಮಾಡಿಸ್ತಾರೆ. ನನಗೆ ಮಾರ್ಚ್ ಆಗ್ಬೇಕು." ಮರುದಿನ ಬೆಳಿಗ್ಗಿನ ರಿವ್ಯೂ ಮೀಟಿಂಗಿನಲ್ಲಿ ನಾನು ಡೈರೆಕ್ಟರ್ ಎದುರೇ ಮತ್ತೆ ಎತ್ತಿದೆ. ಅವರು ಶ್ರೀಧರ್ ಕಡೆ ತಿರುಗಿ "ಸಣ್ಣದಾ, ದೊಡ್ಡದಾ?" ಎಂದು ಕೇಳಿದರು. ಶ್ರೀಧರ್ "ಸಣ್ಣದು" ಎಂದರು. ಕಂತು ಹೋಯಿತು.

ಮೂರು ವಾರಕ್ಕೆ ಉತ್ತರ ಬಂತು. ಪ್ರಕಾಶಕರ ಕಡೆಯ ಪರಿಶೀಲಕ ಆ ಐದು ಊರುಗಳಲ್ಲಿ ಒಂದರವನೇ. ವಿಡಿಯೋ ಕಾಲಿನಲ್ಲಿ ಅವನು ಜೋರು ಮಾಡಲಿಲ್ಲ, ಬೇಸರದಲ್ಲಿ ಮಾತಾಡಿದ. ತಮ್ಮ ಊರಿನವರು ಅಷ್ಟು ದೂರದ ನಾಲ್ಕು ಊರುಗಳ ಜೊತೆ ಸೇರಿ ಓಟು ಹಾಕಿದರು, ಆದರೆ ಊರ ಬೇಲಿಯ ಆಚೆಯ ಹೊಲದವರ ಜೊತೆ ಎಂದೂ ಹಾಕಲಿಲ್ಲ. ಆ ಕ್ಷೇತ್ರದ ಚರಿತ್ರೆ ಎಂದರೆ ಅದೇ. ನೀವು ಅದನ್ನೇ ಅಳಿಸಿದಿರಿ ಎಂದ. ಇದು ಕಾಣದವರು ಉಳಿದದ್ದರಲ್ಲಿ ಏನೇನು ಮುಚ್ಚಿದ್ದಾರೋ ಎಂದು ಪ್ರಕಾಶಕರು ಇಡೀ ಕೆಲಸ ವಾಪಸ್ ತಗೊಂಡರು.

ಡೈರೆಕ್ಟರ್ ನಮ್ಮ ಮೂವರನ್ನೂ ಕರೆದರು. ಅವರಿಗೆ ಒಂದು ಹೆಸರು ಬೇಕಿತ್ತು. ಸೇರಿಸಲು ಹೇಳಿದ್ದು ಯಾರು, ತಪ್ಪು ಎಂದು ನಾವು ತಿಳಿಸಿದ್ದು ಯಾವಾಗ ಎಂದು ನಾನು ಹೇಳಿದೆ. ಧ್ವನಿ ನಡುಗದ ಹಾಗೆ ಹೇಳಿದೆ, ಅಷ್ಟು ಓದಿದ್ದೇನೆ. ಶ್ರೀಧರ್ ಕಿಟಕಿಯಿಂದ ಹೈವೇ ನೋಡುತ್ತಿದ್ದರು.

"ಗೆರೆ ಎಳೆದದ್ದು ಯಾರು?" ಡೈರೆಕ್ಟರ್ ಕೇಳಿದರು.

"ನಾನು ಸಾರ್," ಎಂದರು ಸದಾಶಿವಣ್ಣ.

"ಖಲಾಸ್."

ಸದಾಶಿವಣ್ಣನಿಗೆ ಒಂದು ತಿಂಗಳ ನೋಟಿಸು. ಮಾರ್ಚ್‌ವರೆಗೆ ಸಂಬಳ ಇಲ್ಲದೆಯಾದರೂ ಹೆಸರು ಇಟ್ಟುಕೊಳ್ಳಿ ಎಂದು ಸದಾಶಿವಣ್ಣ ಕೇಳಿದರು; ಹಾಗೆ ಇಡಲು ಕಾನೂನು ಬಿಡುವುದಿಲ್ಲ ಎಂದರು. ಹುಡುಗಿಯನ್ನು ರೂವಿಯಲ್ಲಿ ನಮ್ಮ ಮನೆಯಲ್ಲಿ ಇರಿಸಿಕೊಳ್ಳುತ್ತೇವೆ ಎಂದು ನಾನೂ ನನ್ನ ಗಂಡನೂ ಶಾಲೆಗೆ ಹೋಗಿ ಹೇಳಿದೆವು. ತರಗತಿಯಲ್ಲಿ ಕೂರಲು ರೆಸಿಡೆಂಟ್ ಕಾರ್ಡ್ ಬೇಕು, ಪ್ರಾಕ್ಟಿಕಲ್‌ಗೆ ಹಾಜರಿ ಬೇಕು, ಊರಿನ ಶಾಲೆಗೆ ಪರೀಕ್ಷೆ ವರ್ಗಾಯಿಸುವ ದಿನ ದಾಟಿದೆ ಎಂದರು. ಅವರು ಹೇಳಿದ್ದರಲ್ಲಿ ಯಾವುದೂ ಸುಳ್ಳಲ್ಲ. ಸಾಲಿಂ ತನ್ನ ಪರಿಚಯದವರಿಗೆಲ್ಲ ಫೋನು ಮಾಡಿದ. ಸದಾಶಿವಣ್ಣನಿಗೆ ಬೇರೆ ಕೆಲಸ ಕೊಡುವ ಕಫೀಲ್, ಅಂದರೆ ವೀಸಾದ ಹೊಣೆ ಹೊರುವ ಮಾಲೀಕ, ಸಿಗಲಿಲ್ಲ. ಆ ವಯಸ್ಸಿಗೆ ಯಾರು ವೀಸಾ ತೆಗೆಯುತ್ತಾರೆ?

ನೋಟಿಸಿನ ದಿನಗಳಲ್ಲಿ ಸದಾಶಿವಣ್ಣ ದಿನಾ ಬಂದು ಆ ಕ್ಷೇತ್ರವನ್ನು ಮತ್ತೆ ಬಿಡಿಸಿದರು. ಐದು ತುಂಡು, ಒಂದೊಂದು ಬಂದರು, ಒಂದೊಂದು ತಿರುವು.

"ಯಾರಿಗೆ ಕೊಡ್ಲಿಕ್ಕೆ ಸದಾಶಿವಣ್ಣ?"

"ಯಾರಿಗೂ ಇಲ್ಲ. ಕೈಗೆ ಕೆಲಸ ಬೇಕಲ್ಲ."

ಹೊರಡುವ ಹಿಂದಿನ ದಿನ ಸೀಬ್‌ಗೆ ಹೋದೆ. ಪ್ರಮೀಳಾ ಕುಕ್ಕರನ್ನು ಸೀರೆಯಲ್ಲಿ ಸುತ್ತುತ್ತಿದ್ದರು. "ಬನ್ನಿ, ಕೂತ್ಕೊಳ್ಳಿಕ್ಕೆ ಕುರ್ಚಿ ಇಲ್ಲ, ಮಾರಿ ಆಯ್ತು," ಎಂದು ನಗಲು ನೋಡಿದರು. ಶ್ರಾವ್ಯ ತನ್ನ ಪುಸ್ತಕಗಳನ್ನು ಕೆಳಗಿನ ಫ್ಲ್ಯಾಟಿನ ಹುಡುಗಿಗೆ ಕೊಟ್ಟು ಮೇಲೆ ಬಂದಳು.

"ಆಂಟಿ, ಮ್ಯಾಪ್ ರಾಂಗ್ ಅಂತ ನಿಮಗೆ ಮೊದಲೇ ಗೊತ್ತಿತ್ತಂತೆ?"

"ಗೊತ್ತಿತ್ತು ಮಗಾ."

"ಹೇಳಿದ್ರಂತೆ ಕೂಡ."

"ಎರಡು ಸಲ ಹೇಳಿದೆ."

"ಓಕೆ," ಎಂದಳು. ಅಮ್ಮನ ಜೊತೆ ಪೆಟ್ಟಿಗೆಗಳಿಗೆ ಟೇಪು ಹಚ್ಚಲು ಕೂತಳು.

ಅವಳಿಗೆ ಆ ವರ್ಷ ಹೋಯಿತು. ಊರಿನಲ್ಲಿ ಮತ್ತೆ ಮೊದಲಿಂದ ಸೇರಿಸುವುದು ಎಂದಿತ್ತು. ಸೇರಿದಳು, ನಡುವೆ ಬಿಟ್ಟಳು ಎಂದು ಪ್ರಮೀಳಾ ಒಮ್ಮೆ ಫೋನಿನಲ್ಲಿ ಹೇಳಿದರು. ಸದಾಶಿವಣ್ಣ ಈಗ ಹೆಚ್ಚು ಮಾತಾಡುವುದಿಲ್ಲವಂತೆ.

ನಾನು ಬೇರೆ ಕಂಪನಿಯಲ್ಲಿದ್ದೇನೆ. ಹೊಸಬರಿಗೆ ಕೆಲಸ ಕಲಿಸುವಾಗ ಒಂದು ಮಾತು ಹೇಳುತ್ತೇನೆ: ನಕ್ಷೆಯಲ್ಲಿ ಖಾಲಿ ಕಂಡರೆ ತುಂಬುವ ಮೊದಲು, ಅಲ್ಲಿಯ ಜನ ಹೇಗೆ ಬದುಕಿದ್ದರು ಎಂದು ಕೇಳಿ. ವೃತ್ತಿ ಕಲಿಸಿದ ಪಾಠ ಎಂದರೆ ಅದೇ, ಒಳ್ಳೆಯ ಪಾಠವೇ. ಆದರೆ ನನಗೆ ಕೆಲಸ ಕಲಿಸಿದ ಇನ್ನೊಂದು ವಿಷಯ ಉಂಟು, ಅದನ್ನು ಹೊಸಬರಿಗೆ ಹೇಳುವುದಿಲ್ಲ. ಓದಿದರೆ ನಮ್ಮ ಮಾತು ನಡೆಯುತ್ತದೆ ಎಂದು ಬಾಪ ನಂಬಿದ್ದರು. ಅದಕ್ಕಾಗಿಯೇ ಅವರು ಮಂಜುಗಡ್ಡೆ ಹೊತ್ತದ್ದು, ನಾನು ಅಷ್ಟು ಕಷ್ಟಪಟ್ಟದ್ದು. ಓದಿದ್ದರಿಂದ ನನಗೆ ತಪ್ಪು ಕಂಡಿತು, ಅಷ್ಟೇ. ಕಂಡದ್ದನ್ನು ನಿಲ್ಲಿಸುವ ಕುರ್ಚಿಯಲ್ಲಿ ಬೇರೆಯವರು ಕೂತಿದ್ದರು, ಮತ್ತು ನಾನು ಸರಿ ಎಂಬುದು ಎಲ್ಲರಿಗೂ ತಿಳಿದ ದಿನವೇ ಶ್ರಾವ್ಯಳ ಪರೀಕ್ಷೆ ತಪ್ಪಿಹೋಯಿತು.